ನುಣುಪು ಕೆನ್ನೆ

ಡಾಕ್ಟರು ಒದ್ದೆ ಹತ್ತಿಯಿಂದ ಬ್ಯೂಟಿ ಪಾರ್ಲರ್ ಅಕ್ಕನ ಕೆನ್ನೆ ಒರೆಸಿ, ಹತ್ತಿಯನ್ನು ತಿರುಗಿಸಿ ನೋಡಿದರು. ಬಣ್ಣವಿಲ್ಲ, ಪೌಡರೂ ಇಲ್ಲ. ಕೆನ್ನೆಯೇ ಅಷ್ಟು ನುಣುಪಾಗಿತ್ತು. ಡಾಕ್ಟರ ಮುಖ ಸಪ್ಪಗಾಯಿತು.

"ಗುಳ್ಳೆಗಳೆಲ್ಲ ಎಲ್ಲಿ ಹೋದ್ವು?"

"ನಮ್ಮ ಕಸುಬೇ ಅದಲ್ವಾ ಡಾಕ್ಟ್ರೇ," ಎಂದಳು ಅಕ್ಕ, ಜಂಬದಿಂದ. ಪಕ್ಕದಲ್ಲಿದ್ದ ತಂಗಿ ನೆಲ ನೋಡತೊಡಗಿದಳು. ಪಾರ್ಲರಿನಲ್ಲಿ ಅಕ್ಕನ ಬಲಗೈ ಅವಳೇ. ಪಾಪ, ಸುಳ್ಳು ಮಾತ್ರ ಅವಳ ಕೈಲಾಗದು.

"ಮಾತ್ರೆ ತಗೋತಿದ್ದೀರಾ?"

ಅಕ್ಕ ಕೈಚೀಲದ ಜಿಪ್ ಎಳೆದಳು, ಮತ್ತೆ ಮುಚ್ಚಿದಳು. "ಕೀಮೋ ಒಂದೂ ತಪ್ಪಿಸಿಲ್ಲ. ಆ ಮಾತ್ರೆ ಮಾತ್ರ ಬಿಟ್ಟೆ. ಮುಖದ ತುಂಬ ಗುಳ್ಳೆ ಇಟ್ಕೊಂಡು ಇನ್ನೊಬ್ರ ಮೊಡವೆಗೆ ಕೈ ಹಾಕಿದ್ರೆ ಯಾರು ಬರ್ತಾರೆ ಹೇಳಿ? ದೊಡ್ಡ ಔಷಧ ಡ್ರಿಪ್ಪಲ್ಲಿ ಹೋಗ್ತಿದೆಯಲ್ಲ ಅಂದ್ಕೊಂಡೆ."

ಡಾಕ್ಟರು ಹೊಸ ಸ್ಕ್ಯಾನನ್ನು ಅವಳತ್ತ ತಿರುಗಿಸಿದರು. ಹೊಟ್ಟೆಯೊಳಗೆ ಕಳೆದ ಸಲ ಕುಗ್ಗಿದ್ದ ಗಡ್ಡೆ ಮತ್ತೆ ತಲೆ ಎತ್ತಿತ್ತು.

"ಕೀಮೋ ಏಟು ಕೊಡುತ್ತೆ. ಆದ್ರೆ ಏಟು ಬಿದ್ದ ಕ್ಯಾನ್ಸರ್ ಜೀವಕೋಶ ಸುಲಭಕ್ಕೆ ಸಾಯಲ್ಲ. ಅದರೊಳಗೆ ಒಂದು ಸಂಕೇತ ಹೋಗ್ತಾನೇ ಇರುತ್ತೆ, ಸಾಯಬೇಡ, ರಿಪೇರಿ ಮಾಡ್ಕೋ, ಬೆಳೀತಾ ಇರು ಅಂತ. ಮಾತ್ರೆ ಆ ಸಂಕೇತದ ಬಾಯಿ ಮುಚ್ಚಿಸುತ್ತೆ. ಆಗ ಏಟು ನಾಟುತ್ತೆ. ಚರ್ಮಕ್ಕೂ ಅದೇ ಸಂಕೇತ ಬೇಕು, ಅದು ನಿಂತ್ರೆ ಗುಳ್ಳೆ ಏಳುತ್ತೆ. ಗುಳ್ಳೆ ಎದ್ರೆ ಮಾತ್ರೆ ಕೆಲಸ ಮಾಡ್ತಿದೆ ಅಂತ. ಹೋದ ಸಲ ನಿಮ್ಮ ಮುಖ ನೋಡಿ ನಂಗೆಷ್ಟು ಖುಷಿಯಾಗಿತ್ತು ಗೊತ್ತಾ?"

ಅಕ್ಕ ತನ್ನ ನುಣುಪು ಕೆನ್ನೆ ಮುಟ್ಟಿಕೊಂಡಳು. ಎಷ್ಟೋ ಜನರ ಮುಖ ತಿದ್ದಿದವಳು ತನ್ನ ಮುಖಕ್ಕಾಗಿ ಜೀವವನ್ನೇ ಪಣಕ್ಕಿಟ್ಟಿದ್ದಳು. "ಹಾಗಾದ್ರೆ ನಾನೇ ಕೈಯಾರೆ..."

"ಕಾಲ ಮಿಂಚಿಲ್ಲ. ಇವತ್ತೇ ಮಾತ್ರೆ ಶುರು ಮಾಡಿ. ಉರಿಗೆ ಮುಲಾಮು ಕೊಡ್ತೀನಿ. ಒಂದ್ಸಲ ಬಗ್ಗಿದ ಗಡ್ಡೆ ಇದು, ಮತ್ತೆ ಬಗ್ಗಿಸೋಣ."

ಕೆಲವೇ ದಿನಗಳಲ್ಲಿ ಅಕ್ಕನ ಮೂಗು, ಹಣೆ, ಕೆನ್ನೆ ಎಲ್ಲ ಕೆಂಪು ಕೆಂಪು ಗುಳ್ಳೆ. ಬೆಳಿಗ್ಗೆ ಪಾರ್ಲರಿನ ಬಾಗಿಲು ತೆಗೆದ ತಂಗಿ, ಅಕ್ಕನ ಮನಸ್ಸು ನೋಯಬಾರದೆಂದು ದೊಡ್ಡ ಕನ್ನಡಿಯ ಸುತ್ತಲಿನ ದೀಪಗಳನ್ನು ಹಾಕದೆ ಬಿಟ್ಟಳು.

"ದೀಪ ಹಾಕೇ."

"ಬೇಡಕ್ಕ, ಹಾಗೇ ಇರ್ಲಿ."

"ಹಾಕೇ ಅಂದೆ."

ದೀಪಗಳೆಲ್ಲ ಒಟ್ಟಿಗೆ ಹೊತ್ತಿಕೊಂಡವು. ಅಕ್ಕ ಗಿರಾಕಿಗಳ ಕುರ್ಚಿಯಲ್ಲಿ ಕೂತು, ಕನ್ನಡಿಗೆ ಮೂಗು ತಾಗುವಷ್ಟು ಬಗ್ಗಿ, ಒಂದು ಕೆನ್ನೆ ನೋಡಿಕೊಂಡಳು. ಆಮೇಲೆ ಇನ್ನೊಂದು. ನೋಡನೋಡುತ್ತ ಅವಳ ಮುಖ ಅರಳಿತು.

"ಇಲ್ನೋಡೇ, ಗಲ್ಲದ ಮೇಲೆ ಇನ್ನೂ ಒಂದು ಎದ್ದಿದೆ!"