ಕೈಯಾಡಿಸಿದರೆ ನಡೆಯುವ ವಾಚು

ಊಟದ ಮೇಜಿನ ಮುಂದೆ ಕುಳಿತಿದ್ದ ದೊಡ್ಡಳಿಯ ಎಡಗೈಯನ್ನು ಒಂದೇ ಸಮನೆ ಗಾಳಿಯಲ್ಲಿ ಬೀಸುತ್ತಿದ್ದ.

"ನೊಣ ಹೊಡೀತಾ ಇದ್ದೀರಾ?" ಹೆಂಡತಿ ಕೇಳಿದಳು.

"ಸುಮ್ನಿರೇ. ನಿಮ್ಮಪ್ಪನ ಕುರ್ಚಿ ಹಿಡೀತಾ ಇದ್ದೀನಿ."

ಮಾತು ಸುಳ್ಳಲ್ಲ. ಅಂಗಿಗುಂಡಿ ಕಾರ್ಖಾನೆಯ ಯಜಮಾನರಾದ ಮಾವ ನಿವೃತ್ತರಾಗುವವರಿದ್ದರು. ಇಬ್ಬರು ಅಳಿಯಂದಿರು, ಒಂದೇ ಕುರ್ಚಿ. ತಿಂಗಳ ಮೊದಲಲ್ಲಿ ಇಬ್ಬರನ್ನೂ ಕರೆಸಿ ಒಂದೊಂದು ವಾಚು ಕೊಟ್ಟು, "ಕಟ್ಕೊಂಡಿರಿ. ತಿಂಗಳ ಕೊನೆಗೆ ವಾಚು ನೋಡಿ ತೀರ್ಮಾನ ಮಾಡ್ತೀನಿ" ಎಂದಷ್ಟೇ ಹೇಳಿದ್ದರು.

ಇದರಲ್ಲೇನೋ ಮರ್ಮವಿದೆ ಎಂಬ ವಾಸನೆ ಆಗಲೇ ದೊಡ್ಡಳಿಯನ ಮೂಗಿಗೆ ಬಡಿದಿತ್ತು. ಅಂದೇ ಆ ವಾಚು ಮಾಡಿದಾಕೆಯ ಬಳಿಗೆ ಹೋಗಿದ್ದ. ಒಬ್ಬಳೇ ಕುಳಿತು ವರ್ಷಕ್ಕೆ ಬೆರಳೆಣಿಕೆಯಷ್ಟು ವಾಚು ಮಾಡುವ ಆಕೆಯನ್ನು ಎಲ್ಲರೂ ಮುಳ್ಳಮ್ಮ ಎನ್ನುತ್ತಿದ್ದರು. ವಾಚಿನ ಮುಳ್ಳಿನಿಂದ ಬಂದ ಹೆಸರೋ, ನಾಲಿಗೆಯಿಂದ ಬಂದದ್ದೋ, ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಅವನು ಹೋದಾಗ ಆಕೆ ಉಕ್ಕಿನ ಮುಳ್ಳೊಂದನ್ನು ಸಣ್ಣ ಉರಿಯ ಮೇಲೆ ಹಿಡಿದು, ಅದಕ್ಕೆ ನವಿಲುಗತ್ತಿನ ನೀಲಿ ಏರುವುದನ್ನೇ ಕಾಯುತ್ತಿದ್ದಳು. ಏರಿದ ಮೇಲೆಯೇ ತಲೆಯೆತ್ತಿದ್ದು.

ಅವನ ವಾಚನ್ನು ಇಸಿದುಕೊಂಡು ಮಗುಚಿ ತೋರಿಸಿದಳು. ಗಾಜಿನ ಬೆನ್ನಿನೊಳಗೆ ಚಿನ್ನದ ಅರ್ಧಚಂದ್ರ ಓಲಾಡಿತು. ಅದರ ಕೆಳಗಿನ ಒಂದೊಂದು ಬಿಡಿಭಾಗದ ಅಂಚನ್ನೂ, ಯಾರ ಕಣ್ಣಿಗೂ ಬೀಳದವನ್ನೂ ಸೇರಿಸಿ, ಕಟ್ಟಿಗೆಯ ಕಡ್ಡಿಯಿಂದ ಉಜ್ಜಿ ಕನ್ನಡಿಯಾಗಿಸಿದ್ದಳು.

"ಕೈ ಆಡಿದ್ರೆ ಇದು ತಿರುಗುತ್ತೆ, ಇದು ತಿರುಗಿದ್ರೆ ಒಳಗಿನ ಸುರುಳಿ ಬಿಗಿಯಾಗುತ್ತೆ. ಕೀಲಿ ಕೊಡೋಕೆ ಬರಲ್ಲ. ಕೈ ಸುಮ್ನಿದ್ರೆ ವಾಚೂ ನಿಲ್ಲುತ್ತೆ. ಯಜಮಾನರು ಹಾಗೇ ಬೇಕು ಅಂದ್ರು."

"ಅಂದ್ರೆ, ಯಾರು ಕೆಲಸ ಮಾಡ್ತಾರೆ ಅಂತ ನೋಡೋಕೆ!"

"ಯಾರು ಸುಮ್ನಿರ್ತಾರೆ ಅಂತಾನೂ ಗೊತ್ತಾಗುತ್ತೆ." ಮುಳ್ಳಮ್ಮ ಮತ್ತೆ ಉರಿಯತ್ತ ತಿರುಗಿದಳು.

ಅಂದಿನಿಂದ ದೊಡ್ಡಳಿಯನಿಗೆ ಬಿಡುವಿಲ್ಲ. ಕಾರ್ಖಾನೆಯಲ್ಲಿ ಅವನು ಕೈಯಾಡಿಸದ ಜಾಗವೇ ಉಳಿಯಲಿಲ್ಲ. ಯಂತ್ರಗಳನ್ನು ಆ ಗೋಡೆಯಿಂದ ಈ ಗೋಡೆಗೆ ಸರಿಸಿದ. ಉಗ್ರಾಣವನ್ನು ಬಣ್ಣದ ಪ್ರಕಾರ ಜೋಡಿಸಿ, ಮರುದಿನ ಅದನ್ನು ಕೆಡವಿ ಅಳತೆಯ ಪ್ರಕಾರ ಜೋಡಿಸಿದ. ಅಂಗಿಯ ಗುಂಡಿಗೆ ನಾಲ್ಕು ತೂತು ದುಂದು ಎಂದು ಮೂರಕ್ಕೆ ಇಳಿಸಿದ.

"ಮೂರು ತೂತಿಗೆ ದಾರ ಹ್ಯಾಗೆ ಹಾಕ್ತಾರೆ ಸ್ವಾಮಿ?" ಮೇಸ್ತ್ರಿ ತಲೆ ಚಚ್ಚಿಕೊಂಡ.

"ಅದು ದರ್ಜಿಗಳ ತಲೆನೋವು."

ದರ್ಜಿಗಳು ಮೂಟೆಗಟ್ಟಲೆ ವಾಪಸು ಕಳಿಸಿದರು. ಆ ಮೂಟೆಗಳನ್ನೂ ದೊಡ್ಡಳಿಯ ತಾನೇ ನಿಂತು ಇಳಿಸಿಕೊಂಡ. ಮನೆಗೆ ಬರುವಷ್ಟರಲ್ಲಿ ತೋಳು ಸಿಡಿಯುತ್ತಿತ್ತು. ಆದರೂ ವಾಚನ್ನು ಕಿವಿಗಿಟ್ಟು ಆ ಟಿಕ್ ಟಿಕ್ ಕೇಳಿದರೆ ಮಾವ ಬೆನ್ನು ತಟ್ಟಿದಂತಾಗುತ್ತಿತ್ತು.

ಚಿಕ್ಕಳಿಯ? ತನ್ನ ಕೋಣೆಯಲ್ಲಿ ಮೇಜಿನ ಮೇಲೆ ಕೈ ಚಾಚಿ ಗೊರಕೆ ಹೊಡೆಯುತ್ತಿದ್ದ. ಯಾರಾದರೂ ಏನಾದರೂ ಕೇಳಲು ಬಂದರೆ, "ಮೇಸ್ತ್ರಿ ಹೇಳಿದ ಹಾಗೆ ಮಾಡಿ" ಎಂದು ಮತ್ತೆ ಕಣ್ಣು ಮುಚ್ಚುತ್ತಿದ್ದ.

ತಿಂಗಳ ಕೊನೆಗೆ ಮಾವನ ಕೋಣೆಯಲ್ಲಿ ಎಲ್ಲರೂ ಸೇರಿದರು. ಮುಳ್ಳಮ್ಮನೇ ಬಂದು ಎರಡೂ ವಾಚುಗಳನ್ನು ಪರೀಕ್ಷಿಸಿದಳು. ದೊಡ್ಡಳಿಯನದು ಕುದುರೆಯಂತೆ ಓಡುತ್ತಿತ್ತು. ಚಿಕ್ಕಳಿಯನದು ಯಾವಾಗಲೋ ನಿಂತುಹೋಗಿತ್ತು. ಅವನು ತಲೆ ತಗ್ಗಿಸಿ, ಎದ್ದು ಬಾಗಿಲ ಕಡೆ ಹೊರಟ.

"ಎಲ್ಲಿಗೆ? ಬಂದು ಕೂತ್ಕೊಳ್ಳಿ," ಎನ್ನುತ್ತ ಮಾವ ತಮ್ಮ ಕುರ್ಚಿಯಿಂದೆದ್ದು, ಅದನ್ನು ಚಿಕ್ಕಳಿಯನತ್ತ ತಳ್ಳಿದರು.

ದೊಡ್ಡಳಿಯ ತನ್ನ ವಾಚನ್ನು ಎತ್ತಿ ಹಿಡಿದ. "ಮಾವ, ನನ್ನ ವಾಚು ನೋಡಿ! ಒಂದು ಗಳಿಗೆ ನಿಂತಿಲ್ಲ!"

"ನೋಡಿದೆ, ಅಳಿಯಂದ್ರೇ. ಅದಕ್ಕೇ."

ಮಾವ ಅಂಗಿಯ ತೋಳು ಮೇಲೆ ಸರಿಸಿ ತಮ್ಮ ಮಣಿಕಟ್ಟನ್ನು ಮುಂದೆ ಚಾಚಿದರು. ಅಲ್ಲಿದ್ದದ್ದು ಮುಳ್ಳಮ್ಮ ಮಾಡಿದ ಇಂಥದೇ ಮೊಟ್ಟಮೊದಲ ವಾಚು. ಕಾರ್ಖಾನೆ ಲಾಭಕ್ಕೆ ಬಂದ ವರ್ಷ ನಿಂತದ್ದು, ಮತ್ತೆ ನಡೆದೇ ಇರಲಿಲ್ಲ.