ದಂಡೆಯ ಲಾಟೀನು

ಚಿಕ್ಕವಳಿದ್ದಾಗ ಹಟ ಮಾಡಿ ಸಿನಿಮಾ ಟೆಂಟಿನಲ್ಲಿ ಮತ್ತೆ ಮತ್ತೆ ನೋಡಿದ್ದ ಸಾಹಸದ ಚಿತ್ರವೊಂದರ ಬಗ್ಗೆ ಅವಳು ಮರುದಿನ ಕಾಲೇಜಿನಲ್ಲಿ ಮಾತಾಡಬೇಕಿತ್ತು. ಬಂಗುಡೆ ಮೀನು ಕೊಯ್ಯುತ್ತಿದ್ದ ಅಮ್ಮನ ಎದುರು ಕೂತು ಅದನ್ನೇ ಒಪ್ಪಿಸುತ್ತಿದ್ದಳು.

"ಕಡಲು ಅಂದ್ರೆ ಸಾವು, ಅಮ್ಮ. ಕಡಲಿಗೆ ಹೋದ ನಾಯಕನಿಗಾಗಿ ಅವನ ಮಗಳು ದಂಡೆಯಲ್ಲಿ ಹಿಡಿದು ನಿಲ್ಲೋ ಲಾಟೀನು ಅಂದ್ರೆ ಆಸೆ. ಬೇರೆ ಕಥೆಗಳಲ್ಲಿ ನಾಯಕ ಗೆದ್ದು ಮನೆಗೆ ಬರ್ತಾನೆ. ಇವನು ಬರೋದೇ ಇಲ್ಲ. ಆ ಚಿತ್ರದ ದೊಡ್ಡತನ ಇರೋದೇ ಅಲ್ಲಿ."

"ಬರ್ತಾನೆ."

ಮಗಳು ನಕ್ಕಳು. "ನಾನು ನೋಡಿದೀನಲ್ಲ! ಲಾಟೀನು ಉರೀತಾ ಇರುತ್ತೆ, ಮುಗೀತು."

"ಮುಗೀತು ಅಂತ ಹೇಳ್ತಿದ್ದವಳು ನಾನು. ಗೇಟಲ್ಲಿ ನೂಕುನುಗ್ಗಲಾಗುತ್ತೆ ಅಂತ ನಿನ್ನ ಎತ್ಕೊಂಡು ಹೊರಗೆ ಬರ್ತಿದ್ದೆ. ಆಮೇಲೆ ದೋಣಿ ಬರುತ್ತೆ. ಆ ಹುಡುಗಿ ಓಡಿ ಹೋಗಿ ಅಪ್ಪನ್ನ ತಬ್ಕೋತಾಳೆ."

"ನಿನಗೆ ಹೇಗೆ ಗೊತ್ತು?"

"ಮದುವೆಯಾದ ಹೊಸತರಲ್ಲಿ ನಿನ್ನಪ್ಪನ ಜೊತೆ ಪೂರ್ತಿ ನೋಡಿದ್ದೆ."

"ಮತ್ತೆ ನನಗ್ಯಾಕೆ ತೋರಿಸ್ಲಿಲ್ಲ?"

ಅಮ್ಮನ ಕೈ ನಿಂತಿತು.

"ನಿನ್ನಪ್ಪ ಕಡಲಿಂದ ಬಾರದ ವರ್ಷ ಅದು. ಆ ಹುಡುಗಿಯನ್ನ ನೋಡಿ ನೀನೂ ದಿನಾ ಸಂಜೆ ಲಾಟೀನು ಹಿಡ್ಕೊಂಡು ದಂಡೆಗೆ ಹೋಗ್ತಿದ್ದೆ. ದೋಣಿ ಬರೋದನ್ನೂ ನೋಡಿದ್ರೆ ಅಲ್ಲಿಂದ ವಾಪಸ್ ಬರ್ತಾನೇ ಇರ್ಲಿಲ್ಲ."