ಮೂರನೇ ಪೋರ್ಟಿನ ಸಾಲು

"ಅಣ್ಣಾ, ಏನಾದ್ರೂ ತಪ್ಪು ಸಿಕ್ತಾ?" ಬೆನ್ನ ಹಿಂದೆ ನಿಂತಿದ್ದ ನರ್ಸ್ ಕೇಳಿದಳು. ನೆಟ್‌ವರ್ಕ್ ತಂತ್ರಜ್ಞನ ಬೆರಳು ಎಂಟರ್ ಕೀಲಿಯ ಮೇಲೆಯೇ ನಿಂತಿತು. "ನೋಡ್ತಿದೀನಮ್ಮ," ಎಂದ.

ಸಿಕ್ಕಿತ್ತು. ರೋಗಿಗಳ ಹಾಸಿಗೆಯ ಅಲಾರಂಗಳನ್ನು ಅವಳ ಮೇಜಿನ ಪರದೆಗೆ ಮೂರನೇ ಪೋರ್ಟಿನಿಂದ ಕಳಿಸು ಎಂದು, ವಾರ್ಡಿನ ತಂತಿಗಳೆಲ್ಲ ಬಂದು ಸೇರುವ ಬ್ರಿಡ್ಜ್ ಪೆಟ್ಟಿಗೆಗೆ ಹೇಳುವ ಸಾಲು. ತಾನಾಗಿ ಕಲಿತ ದಾರಿಯನ್ನು ಬ್ರಿಡ್ಜ್ ಐದು ನಿಮಿಷದಲ್ಲಿ ಮರೆಯುತ್ತದೆ; ಇದು ಅವನೇ ಕೈಯಾರೆ ಬರೆದದ್ದು, ಅಳಿಸುವ ತನಕ ಅಳಿಯದು. ನಿನ್ನೆ ಸಂಜೆ ಆ ಪರದೆಯ ತಂತಿಯನ್ನು ಏಳನೇ ಪೋರ್ಟಿಗೆ ಬದಲಿಸಿದವನೂ ಅವನೇ. ಸಾಲನ್ನು ಮರೆತಿದ್ದ. ಅಲಾರಂಗಳು ಖಾಲಿ ಪೋರ್ಟಿಗೇ ಹೋಗುತ್ತಿದ್ದವು. ಇವತ್ತು ಬೆಳಿಗ್ಗೆ ನಾಲ್ಕನೇ ಹಾಸಿಗೆಯ ಅಜ್ಜ ತೀರಿಕೊಂಡಿದ್ದ. ಅಲಾರಂ ಬರಲೇ ಇಲ್ಲ ಎಂದು ನರ್ಸ್ ಆಣೆ ಮಾಡಿದರೂ ಯಾರೂ ನಂಬಿರಲಿಲ್ಲ.

ಅವನು ಸದ್ದಿಲ್ಲದೆ ಸಾಲನ್ನು ಅಳಿಸಿದ; ಇನ್ನು ಬ್ರಿಡ್ಜ್ ಏಳನೇ ಪೋರ್ಟನ್ನು ತಾನೇ ಕಂಡುಕೊಳ್ಳುತ್ತದೆ. ಮರುಕ್ಷಣವೇ ಪರದೆ ಕೂಗಿಕೊಂಡಿತು: ಎರಡನೇ ಹಾಸಿಗೆ, ನಾಡಿ ಏರಿದೆ. ಬಾಗಿಲಲ್ಲಿದ್ದ ಮೇಲ್ವಿಚಾರಕಿ ನಕ್ಕರು. "ಚೆನ್ನಾಗೇ ಕೂಗ್ತಿದೆಯಲ್ಲ! ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ."

ನರ್ಸ್ ಪರದೆಯನ್ನೇ ನೋಡಿದಳು. "ಹಾಗಾದ್ರೆ ನಂಗೇ ಕಣ್ಣು ಹತ್ತಿತ್ತೇನೋ," ಎಂದಳು, ಸಣ್ಣ ದನಿಯಲ್ಲಿ. "ಅಲ್ವಾ ಅಣ್ಣಾ?"

ಅವನು ಲ್ಯಾಪ್‌ಟಾಪ್ ಮುಚ್ಚಿದ. "ಹೂಂ," ಎಂದ.